ಏನು ಉಂಡಿರಿ ಅನ್ನೋ ಪ್ರಶ್ನೆ

(ಆರೋಗ್ಯ ಸಿಬ್ಬಂದಿ ಮತ್ತು ಕೇರಿಯ ಯುವಕ ಯುವತಿಯರ ಶಿಬಿರದಲ್ಲಿ ಆಡಿದ ಮಾತುಗಳ ಬರಹರೂಪ)



ಒಂದು ಊರಲ್ಲಿ ಹತ್ತು ಜನ ಒಟ್ಟಿಗೆ ವಾಂತಿಭೇದಿಯಾಗಿ ಮಲಗಿದರೆ, ಆರೋಗ್ಯ ಇಲಾಖೆಯವರು ಬಂದು ಮೊದಲು ಕೇಳಬೇಕಾದ ಪ್ರಶ್ನೆ ಇಷ್ಟೇ: ಏನು ಉಂಡಿರಿ? ಯಾವಾಗ ಉಂಡಿರಿ? ಕೇಳೋಕೆ ಬಹಳ ಸರಳ. ಆದರೆ ಈ ದೇಶದಲ್ಲಿ ಇದಕ್ಕಿಂತ ಕಷ್ಟದ ಪ್ರಶ್ನೆ ಇನ್ನೊಂದಿಲ್ಲ. ಉಣ್ಣೋದರ ಮೇಲೆಯೇ ಇಲ್ಲಿ ಜಾತಿ ಕಟ್ಟಿದ್ದಾರೆ. ‘ಏನು ಉಂಡೆ’ ಅಂದರೆ ನಮ್ಮವರ ಕಿವಿಗೆ ಅದು ‘ನೀನು ಯಾರು’ ಅಂತಲೇ ಬೀಳುತ್ತೆ. ಅದಕ್ಕೇ ‘ಅನ್ನ ಸಾರು ಸ್ವಾಮಿ’ ಅಂದು ಸುಮ್ಮನಾಗುತ್ತೇವೆ.

ಹಾಗೆ ಮುಚ್ಚಿಟ್ಟರೆ ನಷ್ಟ ಯಾರಿಗೆ? ನಮಗೇ. ಒಡಿಶಾದ ಕೋರಾಪುಟ್ ಜಿಲ್ಲೆಯ ಆದಿವಾಸಿ ಹಳ್ಳಿಗಳಲ್ಲಿ ನೆರಡಿ ರೋಗ, ಅಂದರೆ ಆಂಥ್ರಾಕ್ಸ್, ಮತ್ತೆ ಮತ್ತೆ ಬಂದಿದೆ. ರೋಗದಿಂದ ಸತ್ತ ದನವನ್ನು ಕುಯ್ದವರ ಕೈಮೇಲೆ ನೋವಿಲ್ಲದ ಹುಣ್ಣು ಎದ್ದು ನಡುವೆ ಕರ್ರಗಾಗುತ್ತೆ. ಮಾಂಸ ತಿಂದು ರೋಗ ಕರುಳಿಗೆ ಇಳಿದರೆ ಪ್ರಾಣಕ್ಕೇ ಬರುತ್ತೆ. ಬೇಗ ಗೊತ್ತಾದರೆ ಮದ್ದಿದೆ. ಗೊತ್ತಾಗಬೇಕಾದರೆ ‘ಸತ್ತ ದನ ತಿಂದ್ವಿ’ ಅಂತ ಯಾರಾದರೂ ಬಾಯಿಬಿಡಬೇಕು. ಕೇಳಿದ ಕೂಡಲೆ ಮೂಗು ಮುಚ್ಚಿಕೊಳ್ಳೋನ ಮುಂದೆ ಯಾರು ಬಾಯಿಬಿಡ್ತಾರೆ? ನಮ್ಮ ರಾಜ್ಯದಲ್ಲಂತೂ 2021ರಲ್ಲಿ ಜಾರಿಗೆ ಬಂದ ಜಾನುವಾರು ಹತ್ಯೆ ತಡೆ ಕಾಯ್ದೆಯಲ್ಲಿ 3ರಿಂದ 7 ವರ್ಷ ಜೈಲು ಬರೆದಿದ್ದಾರೆ. ಅದು ಕೊಂದವರಿಗೆ, ಉಂಡವರಿಗಲ್ಲ ಅಂತ ವಕೀಲರು ಬಿಡಿಸಿ ಹೇಳಬಹುದು. ಹಾಸಿಗೆ ಹಿಡಿದವನಿಗೆ ಆ ವ್ಯತ್ಯಾಸ ಹೇಳೋರು ಯಾರು? ಅವನ ಕಣ್ಣಿಗೆ ಆರೋಗ್ಯ ಇಲಾಖೆಯವನೂ ಒಂದೇ, ಪೊಲೀಸಿನವನೂ ಒಂದೇ.

ಆದ್ದರಿಂದ ತರಬೇತಿ ಅಂದರೆ ಬರೀ ಕ್ರಿಮಿಗಳ ಹೆಸರು ಉರುಹೊಡೆಯೋದಲ್ಲ. ಕೇಳೋನು ಮೊದಲು ತಯಾರಾಗಬೇಕು. ಕೇರಿಯ ಬಾಯಲ್ಲಿ ಜೀಪು ನಿಲ್ಲಿಸಿ, ಒಬ್ಬನನ್ನು ಕರೆಸಿ ‘ಎಷ್ಟು ಮಂದಿಗೋ?’ ಅಂತ ಕೇಳಿ ಹೋದರೆ ಅದು ತನಿಖೆ ಅಲ್ಲ. ಮನೆಯೊಳಗೆ ಹೋಗಬೇಕು, ಚಾಪೆ ಮೇಲೆ ಕೂರಬೇಕು, ಕೊಟ್ಟ ನೀರು ಕುಡಿಯೋಕೆ ಹಿಂದೆಮುಂದೆ ನೋಡಿದರೆ ಜನ ಅಲ್ಲೇ ಅಳೆದುಬಿಡ್ತಾರೆ. (ಆ ನೀರಲ್ಲೇ ರೋಗ ಇರೋ ಅನುಮಾನ ಇದ್ದರೆ ಅದನ್ನ ನೇರವಾಗಿ ಹೇಳಿ, ‘ಅಕ್ಕಾ, ಕಾಯಿಸಿ ಕೊಡಿ, ನೀವೂ ಕಾಯಿಸೇ ಕುಡೀರಿ’ ಅನ್ನಿ. ಅದರಲ್ಲಿ ಅವಮಾನ ಇಲ್ಲ.)

ಇನ್ನೊಂದು ಪ್ರಶ್ನೆ ನಮ್ಮ ಕಡೆಯಿಂದ ಸೇರಬೇಕು: ‘ಎಷ್ಟನೇ ಪಂಕ್ತಿಯಲ್ಲಿ ಉಂಡಿರಿ?’ ಮದುವೆ, ತಿಥಿ, ಜಾತ್ರೆ ಯಾವುದೇ ಇರಲಿ, ನಮ್ಮವರಿಗೆ ಎಲೆ ಹಾಕೋದು ಯಾವಾಗ? ಎಲ್ಲರದೂ ಮುಗಿದ ಮೇಲೆ. ಕೆಲವು ಕಡೆ ಮಿಕ್ಕಿದ್ದನ್ನ ಮರುದಿನ ಬೆಳಿಗ್ಗೆ ಕೇರಿಗೆ ಕಳಿಸ್ತಾರೆ. ಬೆಳಿಗ್ಗೆ ಹನ್ನೊಂದಕ್ಕೆ ಇಳಿಸಿದ ದೊಡ್ಡ ಹಂಡೆಯ ಸಾರು ನಮ್ಮ ಎಲೆಗೆ ಬರೋದು ನಾಲ್ಕಕ್ಕೆ. ಅಷ್ಟು ಹೊತ್ತು ಉಗುರುಬೆಚ್ಚಗೆ ಕೂತ ಹಂಡೆ ಅಂದರೆ ಕ್ರಿಮಿಗಳಿಗೆ ಹಬ್ಬ. ಕೆಲವು ಕ್ರಿಮಿ ಬಿಟ್ಟ ವಿಷ ಮತ್ತೆ ಕುದಿಸಿದರೂ ಸಾಯಲ್ಲ. ಅದೇ ಹಂಡೆ, ಅದೇ ಸಾರು. ಮೊದಲ ಪಂಕ್ತಿಯವರಿಗೆ ಏನೂ ಆಗಿಲ್ಲ, ಕೊನೇ ಪಂಕ್ತಿಯವರು ಆಸ್ಪತ್ರೆಯಲ್ಲಿ. ಆಗ ಊರವರ ಮಾತು ಏನು? ‘ನಮಗೇನೂ ಆಗಿಲ್ಲ, ಅವರದೇ ಕೊಳಕು.’ ಉಂಡ ಹೊತ್ತು ಬರೆದುಕೊಂಡಿದ್ದರೆ ಆ ಮಾತು ನಿಲ್ಲುತ್ತಿತ್ತಾ?

ಸರಿಯಾಗಿ ಕೇಳಿದರೆ ಎಂಥ ಗಂಟೂ ಬಿಚ್ಚುತ್ತೆ. ಬಿಹಾರದ ಮುಜಫ್ಫರ್‌ಪುರದಲ್ಲಿ 1995ರಿಂದ ಬೇಸಿಗೆ ಬಂತೆಂದರೆ ಮಕ್ಕಳು ಸಾಯುತ್ತಿದ್ದರು. ರಾತ್ರಿ ಮಲಗಿದ ಮಗು ಬೆಳಗಿನ ಜಾವ ಸೆಟೆದುಕೊಂಡು ಫಿಟ್ಸ್ ಬಂದು ಹೋಗಿಬಿಡೋದು. ಮೆದುಳು ಜ್ವರ ಅಂದರು, ವೈರಸ್ ಅಂದರು, ಬಿಸಿಲು ಅಂದರು. 2014ರಲ್ಲಿ ದಿಲ್ಲಿಯ ರಾಷ್ಟ್ರೀಯ ರೋಗ ನಿಯಂತ್ರಣ ಕೇಂದ್ರದವರೂ ಅಮೆರಿಕದ ಸಿ.ಡಿ.ಸಿ.ಯವರೂ ಸೇರಿ ಕೂತರು. ಆ ಒಂದು ಬೇಸಿಗೆಯಲ್ಲಿ ಎರಡು ಆಸ್ಪತ್ರೆಗೆ ಬಂದ ಮಕ್ಕಳು 390, ಸತ್ತವರು 122. ಅವರು ಮಾಡಿದ್ದು ಇಷ್ಟು: ರೋಗ ಬಂದ 104 ಮಕ್ಕಳ ಮನೆಯವರನ್ನ ಕೇಳಿದರು, ಆ ರೋಗ ಬಾರದ 104 ಮಕ್ಕಳ ಕಡೆಯವರನ್ನೂ ಅದೇ ಪ್ರಶ್ನೆ ಕೇಳಿದರು. ಉತ್ತರ ಎದ್ದು ಬಂತು. ರೋಗಕ್ಕೆ ಬಿದ್ದ ಮಕ್ಕಳಲ್ಲಿ ತೋಟದ ಲಿಚಿ ಹಣ್ಣು ತಿಂದವರು ಬಹಳ ಹೆಚ್ಚು. ರಾತ್ರಿ ಊಟ ಇಲ್ಲದೆ ಮಲಗಿದವರೂ ಹೆಚ್ಚು. ಲಿಚಿಯಲ್ಲಿ ಹೈಪೊಗ್ಲೈಸಿನ್ ಅನ್ನೋ ಒಂದು ವಿಷ, ಅದರ ಜೊತೆಯದು ಇನ್ನೊಂದು. ಹೊಟ್ಟೆ ಖಾಲಿ ಇದ್ದಾಗ ಮೈ ತಾನೇ ಸಕ್ಕರೆ ಮಾಡಿಕೊಳ್ಳಬೇಕಲ್ಲ, ಅದನ್ನ ಇವು ತಡೀತವೆ. ಉಂಡು ಮಲಗುವ ಮಗುವಿಗೆ ಅದು ಹಣ್ಣು, ಉಪವಾಸ ಮಲಗುವ ಮಗುವಿಗೆ ಅದು ವಿಷ. ಕೂಲಿಯವರ ಮಕ್ಕಳೇ ಯಾಕೆ ಸಾಯ್ತಾರೆ ಅನ್ನೋದಕ್ಕೆ ಸಿಕ್ಕ ಉತ್ತರ ಇದು. ರಾತ್ರಿ ಊಟ ಹಾಕಿಸಿ, ಮಗು ಬಂದ ಕೂಡಲೆ ರಕ್ತದ ಸಕ್ಕರೆ ನೋಡಿ ಗ್ಲೂಕೋಸ್ ಕೊಡಿ ಅಂತ ಬರೆದುಕೊಟ್ಟರು. ಬರೆದದ್ದು 2017ರಲ್ಲಿ ಪ್ರಕಟವೂ ಆಯಿತು. ಆದರೂ 2019ರಲ್ಲಿ ಬಿಹಾರದಲ್ಲಿ ಮತ್ತೆ ನೂರಕ್ಕೂ ಹೆಚ್ಚು ಮಕ್ಕಳು ಸತ್ತರು. ದಿಲ್ಲಿಗೆ ಗೊತ್ತಾದದ್ದು ಹಳ್ಳಿಯ ಉಪಕೇಂದ್ರಕ್ಕೆ ಇಳಿಯದಿದ್ದರೆ ಗೊತ್ತಾಗಿ ಏನು ಬಂತು?

ಆಗಲೇ ‘ಆರೋಗ್ಯವಾಗಿ ಇರೋರನ್ನ ಕೇಳೋದು ಯಾಕೆ’ ಅಂತ ಒಬ್ಬರು ಕೇಳಿದಿರಿ. ಲೆಕ್ಕಕ್ಕೆ ಹೇಳ್ತೀವಿ, ನಡೆದದ್ದಲ್ಲ. ತಿಥಿಯಲ್ಲಿ 80 ಜನ ಉಂಡರು. ಮೊಸರನ್ನ ತಿಂದ 50 ಜನದಲ್ಲಿ 40 ಜನಕ್ಕೆ ವಾಂತಿ. ತಿನ್ನದ 30 ಜನದಲ್ಲಿ 3 ಜನಕ್ಕೆ. ಅಂದರೆ ನೂರಕ್ಕೆ 80 ಒಂದು ಕಡೆ, ನೂರಕ್ಕೆ 10 ಇನ್ನೊಂದು ಕಡೆ. ಬರೀ ಕಾಯಿಲೆಯವರನ್ನ ಕೇಳಿದ್ದರೆ ಎಲ್ಲರೂ ಅನ್ನ ಸಾರನ್ನೂ ತಿಂದಿರ್ತಾರೆ, ಸಾರಿನ ಮೇಲೂ ಅನುಮಾನ, ಅಡುಗೆಯವಳ ಜಾತಿ ಮೇಲೂ ಅನುಮಾನ.

ಇನ್ನು ನಮ್ಮ ಸುಳ್ವಾಡಿ. ಹನೂರು ತಾಲ್ಲೂಕು, 2018ರ ಡಿಸೆಂಬರ್ 14. ಮಾರಮ್ಮನ ಗುಡಿಯ ಪ್ರಸಾದ ತಿಂದು 17 ಜನ ಸತ್ತರು, ನೂರಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಬೆರೆತದ್ದು ಮಾನೋಕ್ರೋಟೊಫಾಸ್, ಹೊಲಕ್ಕೆ ಹೊಡೆಯೋ ಕೀಟನಾಶಕ. ಬೆರೆಸಿದವರ ವಿಚಾರ ಕೋರ್ಟಿನದು, ಇಲ್ಲಿ ನಮ್ಮ ಮಾತು ಮೊದಲ ಗಂಟೆಯದು. ಉಂಡ ಸ್ವಲ್ಪ ಹೊತ್ತಿಗೇ ಬಾಯಲ್ಲಿ ಜೊಲ್ಲು ನೊರೆ, ಮೈಯೆಲ್ಲ ಬೆವರು, ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಚಿಕ್ಕದು, ಉಸಿರು ಕಟ್ಟೋದು. ಇಷ್ಟು ಕಂಡರೆ ಇದು ಹಳಸಿದ ಅನ್ನ ಅಲ್ಲ, ಕೀಟನಾಶಕ. ಇದಕ್ಕೆ ಅಟ್ರೋಪಿನ್ ಚುಚ್ಚುಮದ್ದು ತಕ್ಷಣ ಬೇಕು, ಕೆಲವರಿಗೆ ವೆಂಟಿಲೇಟರ್ ಬೇಕು. ಸುಳ್ವಾಡಿಯವರನ್ನ ಕಾಮಗೆರೆ, ಕೊಳ್ಳೇಗಾಲ, ಮೈಸೂರು ಅಂತ ಹೊತ್ತೊಯ್ಯಬೇಕಾಯಿತು. ಕಾಡಂಚಿನ ಹಳ್ಳಿಯಿಂದ ಅದು ಎಷ್ಟು ದೂರ ಅಂತ ಆ ಕಡೆಯವರಿಗೆ ಹೇಳಬೇಕಾಗಿಲ್ಲ.

ಇದೇ ಮಾನೋಕ್ರೋಟೊಫಾಸ್ 2013ರ ಜುಲೈ 16ರಂದು ಬಿಹಾರದ ಸಾರಣ ಜಿಲ್ಲೆಯ ಗಂಡಾಮನ್ ಶಾಲೆಯಲ್ಲಿ ಬಿಸಿಯೂಟ ಉಂಡ 23 ಮಕ್ಕಳನ್ನ ಕೊಂದಿತ್ತು. ಎಣ್ಣೆ ಸರಿ ಇಲ್ಲ ಅಂತ ಅಡುಗೆಯಾಕೆ ಮೊದಲೇ ಹೇಳಿದ್ದಳು, ಅದನ್ನ ಕಿವಿಗೆ ಹಾಕಿಕೊಳ್ಳಲಿಲ್ಲ ಅಂತ ಪತ್ರಿಕೆಗಳಲ್ಲಿ ಬಂತು. ಮೊದಲ ಸುಳಿವು ಸಿಗೋದು ಒಲೆ ಮುಂದೆ ಕೂತವಳ ಮೂಗಿಗೆ, ಲ್ಯಾಬಿಗಲ್ಲ. ಅವಳು ‘ಬೇಡ’ ಅಂದರೆ ಅಡುಗೆ ನಿಲ್ಲಬೇಕು ಅನ್ನೋ ಅಧಿಕಾರ ಅವಳಿಗೆ ಇರಬೇಕು. ಅವಳಿಗೂ ಈ ತರಬೇತಿ ಬೇಕು.

ಚಿತ್ರದುರ್ಗದ ಕವಾಡಿಗರಹಟ್ಟಿ ನಿಮಗೆ ನೆನಪಿರಬೇಕು. 2023ರಲ್ಲಿ ಅಲ್ಲಿನ ನಮ್ಮ ಕೇರಿಯ ಜನ ಕೊಳಾಯಿ ನೀರು ಕುಡಿದು ಮಲಗಿದರು, ಕೆಲವರು ಸತ್ತರು. ಬೇಕಂತಲೇ ವಿಷ ಹಾಕಿದ್ದಾರೆ ಅನ್ನೋ ಗುಮಾನಿ ಎದ್ದಿತು. ಪರೀಕ್ಷೆಯಲ್ಲಿ ಸಿಕ್ಕಿದ್ದು ಕಾಲರಾ ಕ್ರಿಮಿ. ಗುಮಾನಿ ಪಟ್ಟವರನ್ನ ನಾವು ಬೈಯಲ್ಲ, ನಮ್ಮ ನೀರಿಗೆ ಏನೇನು ಹಾಕಿದ್ದಾರೆ ಅನ್ನೋ ಚರಿತ್ರೆ ನಮಗಿದೆ. ಆದರೆ ವಿಷವೋ ಕ್ರಿಮಿಯೋ ಅನ್ನೋದು ಬೇಗ ಗೊತ್ತಾಗಬೇಕು, ಗೊತ್ತಾದದ್ದನ್ನ ಕೇರಿಗೇ ಬಂದು ಕಾಗದ ತೋರಿಸಿ ಹೇಳಬೇಕು. ಕಾಲರಾ ಅಂದ ಮಾತ್ರಕ್ಕೆ ಯಾರ ತಪ್ಪೂ ಇಲ್ಲ ಅಂತ ಆಗಲ್ಲ. ಕುಡಿಯೋ ನೀರಿಗೆ ಮಲ ಸೇರಿದ್ದು ಹೇಗೆ, ಪೈಪು ಯಾರ ಹೊಣೆ ಅನ್ನೋ ಪ್ರಶ್ನೆ ಅಲ್ಲಿಂದಲೇ ಶುರು.

2012ರಿಂದ ದಿಲ್ಲಿಯಲ್ಲಿ ವೈದ್ಯರಿಗೆ ಇಂಥ ತನಿಖೆಯ ಎರಡು ವರ್ಷದ ತರಬೇತಿ ನಡೆದಿದೆ. ಜಿಲ್ಲೆಗಳಲ್ಲಿ ತುರ್ತು ತಂಡ ಅಂತ ಹೆಸರು ಬರೆದ ಪಟ್ಟಿಗಳಿವೆ. ಒಳ್ಳೇದೇ. ಅವರು ಬರೋದರೊಳಗೆ ಪಾತ್ರೆ ತೊಳೆದಿರುತ್ತೆ, ಮಿಕ್ಕ ಅನ್ನ ತಿಪ್ಪೆ ಸೇರಿರುತ್ತೆ, ಮಾತ್ರೆ ನುಂಗಿದ ಮೇಲೆ ಮಲದಲ್ಲಿ ಕ್ರಿಮಿ ಸಿಗೋದೂ ಕಷ್ಟ. ಅವತ್ತೇ, ಆ ಗಂಟೆಯಲ್ಲೇ ಅಲ್ಲಿ ಇರೋರು ಆಶಾ ಕಾರ್ಯಕರ್ತೆ, ಅಂಗನವಾಡಿಯಾಕೆ, ಬಿಸಿಯೂಟದ ಅಡುಗೆಯಾಕೆ, ಕೇರಿಯ ಓದಿದ ಹುಡುಗ ಹುಡುಗಿ. ಎಲ್ಲಕ್ಕೂ ಮೊದಲು ಕಾಯಿಲೆಯವರಿಗೆ ಓ.ಆರ್.ಎಸ್. ಕುಡಿಸಬೇಕು, ಎಚ್ಚರ ತಪ್ಪುತ್ತಿದ್ದರೆ ಗಾಡಿ ಹತ್ತಿಸಬೇಕು. ಆಮೇಲೆ ಮಿಕ್ಕಿದ್ದನ್ನ ಶುದ್ಧ ಡಬ್ಬಿಯಲ್ಲಿ ಮುಚ್ಚಿ ತಣ್ಣಗಿಡಬೇಕು, ಹೆಸರು ಹೊತ್ತು ಬರೀಬೇಕು. ಹಾಗೆ ಬರೆದುಕೊಂಡ ಪಟ್ಟಿ ಪೊಲೀಸರ ಕೈಗೆ ಹೋಗಲ್ಲ ಅಂತ ಇಲಾಖೆ ಬರಹದಲ್ಲೇ ಕೊಡಬೇಕು. ಅದು ಕೊಡೋ ತನಕ ‘ಏನು ಉಂಡಿರಿ’ ಅನ್ನೋದಕ್ಕೆ ನಿಜ ಸಿಗೋದು ಅನುಮಾನ. ಇದನ್ನ ಮನವಿಯಲ್ಲಿ ಮೊದಲ ಸಾಲಾಗಿ ಹಾಕಿದ್ದೇವೆ.

ಈಗ ಕಾಗದ ಹಂಚುತ್ತೇವೆ. ಇಬ್ಬಿಬ್ಬರು ಕೂತುಕೊಳ್ಳಿ. ಒಬ್ಬರು ಕೇಳಿ, ಒಬ್ಬರು ಹೇಳಿ. ನಿನ್ನೆ ಬೆಳಿಗ್ಗೆಯಿಂದ ಏನು ಉಂಡಿರಿ, ಎಲ್ಲಿ, ಯಾರ ಜೊತೆ, ಎಷ್ಟು ಹೊತ್ತಿಗೆ. ಬೇರೆ ಬೇರೆ ಜಾತಿಯವರು ಜೊತೆಯಾಗಿ ಕೂತರೆ ಒಳ್ಳೇದು.