ಡಾಕ್ಟರಿಗೆ ಹಳೆಯ ಕೆಲಸವನ್ನೂ ಹೇಳಿರಿ

(ಸಂಘದ ಮಾಸಿಕ ಸಭೆಯಲ್ಲಿ ಮಾಡಿದ ಭಾಷಣ)



ನಾನು ಏಳನೆಯ ಇಯತ್ತೆ ಓದಿ, ಈ ಮುಂಬಯಿಯಲ್ಲಿ ಕಪ್ಪುಬಸಿ ತೊಳೆಯುತ್ತ ಬೆಳೆದವನು. ವೈದ್ಯಶಾಸ್ತ್ರ ಹೇಳಲು ನಿಂತಿಲ್ಲ. ನನ್ನಿಂದ ಆದ ಒಂದು ತಪ್ಪು ನಿಮ್ಮಿಂದ ಆಗಬಾರದೆಂದು ನಾಲ್ಕು ಮಾತು ಆಡುತ್ತೇನೆ.

ನಮ್ಮ ಖೋಲಿಯಲ್ಲಿ ಒಬ್ಬ ಹಿರಿಯರಿದ್ದರು. ನಾವೆಲ್ಲ ಅವರನ್ನು ಮಾವ ಎನ್ನುತ್ತಿದ್ದೆವು. 1982ರ ಮುಷ್ಕರಕ್ಕೆ ಮುಂಚೆ ಅವರು ಗಿರಣಿಯ ಬಾಯ್ಲರ್ ಖಾತೆಯಲ್ಲಿದ್ದರು. ಹಬೆಯ ಕೊಳವೆಗಳ ಹಳೆಯ ಹೊದಿಕೆಯನ್ನು ಕೆರೆದು ಹೊಸದನ್ನು ಮೆತ್ತುವ ಕೆಲಸ. ಬಿಳಿ ಹುಡಿ ಮೀಸೆಯ ಮೇಲೂ ಕೂಡುತ್ತಿತ್ತಂತೆ. ಮುಷ್ಕರದ ತರುವಾಯ ಗಿರಣಿಯ ಬಾಗಿಲು ಅವರಿಗೆ ತೆರೆಯಲಿಲ್ಲ. ಹೋಟೆಲಿನ ಒಲೆಯ ಮುಂದೆ ನಿಂತರು. ಇಪ್ಪತ್ತೈದು ವರುಷಗಳ ಮೇಲೆ ಕೆಮ್ಮು, ಏದುಸಿರು, ಕಫದಲ್ಲಿ ರಕ್ತ. ಆಸ್ಪತ್ರೆಯಲ್ಲಿ "ಏನು ಕೆಲಸ?" ಎಂದು ಕೇಳಿದರು. ಜತೆಗಿದ್ದ ನಾನೇ "ಹೋಟೆಲು" ಎಂದೆ. ಹಾಗೆಯೇ ಬರೆದುಕೊಂಡರು. ಶ್ವಾಸಕೋಶದ ಕ್ಯಾನ್ಸರಿನಿಂದ ಮಾವ ತೀರಿಕೊಂಡರು. ಅತ್ತೆಗೆ ಪರಿಹಾರ ಕೇಳಲು ಹೊರಟರೆ, ಗಿರಣಿಯ ಹುಡಿಯ ಮಾತು ಒಂದು ಕಾಗದದಲ್ಲಿಯೂ ಇರಲಿಲ್ಲ.

ಆ ಹುಡಿಯೇ ಕಲ್ನಾರು, ಅಂದರೆ ಅಸ್ಬೆಸ್ಟಾಸ್. ಅದು ಗಣಿಯ ಕಲ್ಲು. ಆದರೆ ಹತ್ತಿಯಂತೆ ಎಳೆಎಳೆಯಾಗಿ ಬಿಡುತ್ತದೆ, ಬೆಂಕಿಗೆ ಸುಡದು. ಆದ್ದರಿಂದ ಬಾಯ್ಲರಿಗೆ, ಮೋಟಾರಿನ ಬ್ರೇಕಿಗೆ, ಮಾಡಿನ ಸಿಮೆಂಟು ಶೀಟಿಗೆ ಅದನ್ನು ಬಳಸಿದರು. ಕಣ್ಣಿಗೆ ಕಾಣದ ಎಳೆಗಳು ಉಸಿರಿನೊಡನೆ ಒಳಹೊಕ್ಕರೆ ಅಲ್ಲಿಯೇ ನಾಟಿಕೊಳ್ಳುತ್ತವೆ. ರೋಗ ತಲೆಯೆತ್ತಲು ಇಪ್ಪತ್ತು, ನಲವತ್ತು ವರುಷ ಹಿಡಿಯುವುದುಂಟು. ಅಷ್ಟರಲ್ಲಿ ಕೆಲಸ ಬದಲಾಗಿರುತ್ತದೆ, ಮಾಲೀಕ ಬದಲಾಗಿರುತ್ತಾನೆ.

ಇದು ಹೊಸ ಸಂಗತಿಯಲ್ಲ. ಇಂಗ್ಲೆಂಡಿನ ಡಾಕ್ಟರ್ ರಿಚರ್ಡ್ ಡಾಲ್ ಅವರು 1955ರಲ್ಲಿಯೇ ಒಂದು ಕಲ್ನಾರಿನ ಕಾರಖಾನೆಯಲ್ಲಿ 20 ವರುಷಕ್ಕೆ ಕಡಿಮೆಯಿಲ್ಲದೆ ದುಡಿದ 113 ಗಂಡಾಳುಗಳ ಲೆಕ್ಕ ಪ್ರಕಟಿಸಿದರು. ಅವರಲ್ಲಿ 11 ಮಂದಿ ಈ ಕ್ಯಾನ್ಸರಿನಿಂದ ಸತ್ತಿದ್ದರು. ಸಾಮಾನ್ಯ ಜನರ ಲೆಕ್ಕದಲ್ಲಿ ಒಬ್ಬನಷ್ಟೂ ಆಗುತ್ತಿರಲಿಲ್ಲ.

ಬೀಡಿ ಸೇದುವವರೂ ಕೇಳಿರಿ. 1979ರಲ್ಲಿ ಪ್ರಕಟವಾದ ಅಮೆರಿಕದ ಲೆಕ್ಕದಂತೆ, ಕಲ್ನಾರಿನ ಧೂಳು ಮಾತ್ರ ಕುಡಿದವರಿಗೆ ಅಪಾಯ ಸುಮಾರು 5 ಪಟ್ಟು, ಸಿಗರೇಟು ಮಾತ್ರ ಸೇದಿದವರಿಗೆ 11 ಪಟ್ಟು, ಎರಡೂ ಕೂಡಿದವರಿಗೆ 50 ಪಟ್ಟಿಗೂ ಮಿಕ್ಕಿ. ಆದುದರಿಂದ ಬೀಡಿ ಬಿಡಿರಿ. ಆದರೆ "ಬೀಡಿಯಿಂದಲೇ ರೋಗ" ಎಂದು ಮಾಲೀಕ ಕೈ ತೊಳೆದುಕೊಂಡರೆ ಒಪ್ಪಬೇಡಿರಿ.

ಕಲ್ನಾರಿನಿಂದ ಬರುವ ಶ್ವಾಸಕೋಶದ ಕ್ಯಾನ್ಸರು ಕಾನೂನಿನಲ್ಲಿ ಕೆಲಸದಿಂದ ಬರುವ ರೋಗಗಳ ಪಟ್ಟಿಯಲ್ಲಿದೆ. ಕಲ್ನಾರಿನ ಕಾರಖಾನೆಗಳು ಪ್ರತಿ ಕೆಲಸಗಾರನ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರುಷ, ಇಲ್ಲವೆ ಬಿಟ್ಟ ಮೇಲೆ 15 ವರುಷ, ಯಾವುದು ಹೆಚ್ಚೋ ಅಷ್ಟು ಕಾಲ ಇಡಬೇಕೆಂದು ಸುಪ್ರೀಂ ಕೋರ್ಟು 1995ರಲ್ಲಿ ಆಜ್ಞೆ ಮಾಡಿದೆ.

ಹಳೆಯ ಹಾಜರಿ ಕಾರ್ಡು, ಪಗಾರ ಚೀಟಿ ಇದ್ದರೆ ಒಲೆಗೆ ಹಾಕಬೇಡಿರಿ. ಹೋಟೆಲಿನ ಮಾಡಿನ ಹಳೆಯ ಶೀಟನ್ನು ಒಡೆಯಲು, ಕೊರೆಯಲು ಹುಡುಗರನ್ನು ಹತ್ತಿಸಿದರೆ ಬೇಡವೆನ್ನಿರಿ. ಅದರ ಹುಡಿಯನ್ನು ಒಣಗಿದ್ದಂತೆಯೇ ಗುಡಿಸಬೇಡಿರಿ. ಮುಖಕ್ಕೆ ಕಟ್ಟಿದ ಟವೆಲು ಆ ಎಳೆಗಳನ್ನು ತಡೆಯದು. ಹುಡಿ ಹಿಡಿದ ಅಂಗಿಯನ್ನು ಮನೆಗೆ ಒಯ್ಯಬೇಡಿರಿ. ಒಗೆಯುವ ಹೆಂಗಸರಿಗೂ ಅದರಿಂದ ರೋಗ ಬಂದದ್ದುಂಟು.

ಇನ್ನು ಡಾಕ್ಟರು ಕೆಲಸ ಕೇಳಿದಾಗ, ಇಂದಿನದನ್ನಷ್ಟೇ ಹೇಳಿ ಸುಮ್ಮನಾಗಬೇಡಿರಿ. ಮೊದಲಿನಿಂದ ಹೇಳಿರಿ, ಚೀಟಿಯಲ್ಲಿ ಬರೆಯಿಸಿರಿ. ನಾನು ಅಂದು ಆಡಿದ ಒಂದು ಮಾತು ಅತ್ತೆಯ ಹಕ್ಕನ್ನು ಕಳೆಯಿತು. ನಿಮ್ಮ ಮನೆಯವರಿಗೆ ಹಾಗಾಗದಿರಲಿ.