ರಾಗಿ ಕುಯ್ಲೂ ಮಕ್ಕಳ ಕಲಿಕೆಯೂ

(ದಸರಾ ಸಮಯದಲ್ಲಿ ಮೈಸೂರಿನ ಬನ್ನಿಮಂಟಪದಲ್ಲಿ ಸೇರಿದ್ದ ರೈತರ ಮುಂದೆ ಗ್ರಾಮಸೇವಕರೊಬ್ಬರು ಮಾಡಿದ ಭಾಷಣ)



ಗೊಬ್ಬರದ ವಿಷಯವನ್ನೋ ಬೀಜೋಪಚಾರದ ವಿಷಯವನ್ನೋ ಹೇಳುತ್ತೇನೆಂದು ತಾವು ಕಾದಿರಬಹುದು. ಕೃಷಿ ಡಿಪ್ಲೊಮಾ ಓದಿದವನು ಶಾಲೆಯ ಮಾತನ್ನೇಕೆ ಎತ್ತುತ್ತಾನೆ ಎಂದು ತಮಗೆ ಅನ್ನಿಸಿದರೆ ತಪ್ಪಲ್ಲ. ಆದರೂ ಈ ಹೊತ್ತು ನಮ್ಮ ಪ್ರಾಥಮಿಕ ಶಾಲೆಯ ಚಿಕ್ಕ ಮಕ್ಕಳು ಮಾಡುತ್ತಿರುವ ಕೆಲಸವನ್ನು ಕುರಿತು ನಾಲ್ಕು ಮಾತು ಹೇಳಲು ಅಪ್ಪಣೆ ಬೇಡುತ್ತೇನೆ. ಬೀಜದ ಮಾತೂ ನಡುವೆ ಬರುತ್ತದೆ.

ನಾವು ಕುಳಿತಿರುವ ಈ ಬನ್ನಿಮಂಟಪಕ್ಕೆ ವಿಜಯದಶಮಿಯ ದಿನ ಅರಮನೆಯಿಂದ ಸುಮಾರು ಐದು ಕಿಲೋಮೀಟರು ದೂರ ಜಂಬೂಸವಾರಿ ಬರುತ್ತದೆ. ರಾತ್ರಿ ಮೈದಾನದಲ್ಲಿ ಪಂಜಿನ ಕವಾಯತು. ಕುದುರೆ ಪೋಲೀಸರ ಸಾಹಸದ ಜೊತೆಗೆ ಶಾಲಾ ಕಾಲೇಜುಗಳ ಮಕ್ಕಳು ನೂರಾರು ಜನ ಒಂದೇ ಹೆಜ್ಜೆಯಲ್ಲಿ ಕುಣಿಯುತ್ತಾರೆ. ಮಾರನೆಯ ದಿನ ಪತ್ರಿಕೆಗಳಲ್ಲಿ ಚಿತ್ರ ಬರುತ್ತದೆ. ನೋಡಿ ಸಂತೋಷಪಡತಕ್ಕದ್ದೇ. ನಾನು ಹೇಳಹೊರಟಿರುವುದು ಮಾತ್ರ ಚಿತ್ರ ಬಾರದ ಮಕ್ಕಳ ಸಂಗತಿ. ನಮ್ಮ ಹಳ್ಳಿಗಳಲ್ಲಿ ಒಂದರಿಂದ ಮೂರನೆಯ ತರಗತಿಯವರೆಗೆ ಚಾಪೆಯ ಮೇಲೆ ದುಂಡಗೆ ಕುಳಿತು ಕಲಿಯುವ ಮಕ್ಕಳದು.

ಕಳೆದ ವರ್ಷ ಒಂದು ಊರಿನಲ್ಲಿ ಯಜಮಾನರೊಬ್ಬರು ನನ್ನನ್ನು ಕಣದ ಹತ್ತಿರ ತಡೆದು ನಿಲ್ಲಿಸಿದರು. "ಏನ್ ಸ್ವಾಮಿ, ಮೊಮ್ಮಗನ್ನ ಇಸ್ಕೂಲಿಗೆ ಸೇರಿಸಿ ಆರು ತಿಂಗಳಾಯ್ತು. ಅ ಆ ಇ ಈ ಹೇಳ್ಲಾ ಅಂದ್ರೆ ಬಾಯೇ ಬಿಡಾಕಿಲ್ಲ. ಬರೀ ಹಾಡು, ಬರೀ ಕುಣ್ತ. ಇದ್ಕಿಂತ ಹಸ ಕಾಯೋಕೆ ಕಳಿಸೋದೇ ಮೇಲು" ಎಂದರು. ಹುಡುಗ ಕಂಬದ ಹಿಂದೆ ನಿಂತಿದ್ದ. ನಾನು ಒಂದು ಕಡ್ಡಿ ಕೊಟ್ಟು, "ದಸರ ಅಂತ ಬರಿ ಮಗು" ಎಂದೆ. ಕಣದ ಮಣ್ಣಿನಲ್ಲಿ ಮೂರು ಅಕ್ಷರ ಬರೆದ. ಯಾರೂ ಕೇಳದೆ ಅದರ ಕೆಳಗೆ ಅರಸ ಎಂದು ಬರೆದ. ಆಮೇಲೆ ಗೊಂತಿನಲ್ಲಿ ಕಟ್ಟಿದ್ದ ಎತ್ತನ್ನು ನೋಡಿ ಬಸವ ಎಂದು ಬರೆದ. ಯಜಮಾನರು ಬಗ್ಗಿ ಬಗ್ಗಿ ನೋಡಿದರು. "ಅರಸದಲ್ಲಿ ಅ ಅದಲ್ಲಾ! ಮತ್ತೆ ಕೇಳಿದಾಗ ಯಾಕ್ಲಾ ಹೇಳ್ನಿಲ್ಲ?" ಎಂದು ಮೊಮ್ಮಗನನ್ನೇ ಗದರಿಸಿದರು.

ಈ ಅನುಮಾನ ಅವರೊಬ್ಬರದಲ್ಲ, ಬಹಳ ಮನೆಗಳಲ್ಲಿ ಇರುವುದು. ಆದುದರಿಂದ ಬಿಡಿಸಿ ಹೇಳುತ್ತೇನೆ. ನಾವು ಹಿಂದೆ ಅ ಆ ದಿಂದ ಹಿಡಿದು ವರ್ಣಮಾಲೆಯನ್ನೆಲ್ಲ ಬಾಯಿಪಾಠ ಮಾಡಿ, ಆಮೇಲೆ ಕಾಗುಣಿತ ತಿದ್ದಿ, ಬಹಳ ದಿನದ ಮೇಲೆ ಒಂದು ಮಾತು ಓದುತ್ತಿದ್ದೆವು. ಉಳುವುದಕ್ಕೆ ಮೊದಲು ನೇಗಿಲಿನ ಎಲ್ಲ ಭಾಗಗಳ ಹೆಸರನ್ನೂ ಕಂಠಪಾಠ ಮಾಡಿಸಿದ ಹಾಗೆ. ಈಗಿನ ಕ್ರಮದಲ್ಲಿ ಮೊದಲು ರ ಗ ಸ ದ ಅ ಎಂಬ ಐದೇ ಅಕ್ಷರ. ಐದರಲ್ಲೇ ಸರ, ಅರಸ, ಅಗಸ, ಗರಗಸ, ದಸರ ಎಲ್ಲವೂ ಹುಟ್ಟುತ್ತವೆ. ಅನಂತರ ಜ ವ ಮ ಬ ನ. ಆಗ ಜನ, ಮರ, ನಗರ, ಬಸವ. ಹತ್ತು ಅಕ್ಷರ ಬರುವಷ್ಟರಲ್ಲಿ ಮಗು ಓದುವುದನ್ನು ಆರಂಭಿಸಿಬಿಟ್ಟಿರುತ್ತದೆ. ಅ ಆ ಇ ಈ ಸಾಲಾಗಿ ಹೇಳು ಎಂದರೆ ತಡವರಿಸುವುದು ಇದರಿಂದಲೇ ಹೊರತು ದಡ್ಡತನದಿಂದಲ್ಲ.

ಇದಕ್ಕೆ ನಲಿ-ಕಲಿ ಎಂದು ಹೆಸರು. ದೂರದ ಊರಿನಲ್ಲಿ ಹುಟ್ಟಿದ್ದಲ್ಲ, ನಮ್ಮ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಯುನಿಸೆಫ್ ನೆರವಿನಿಂದ ಆರಂಭವಾದದ್ದು. ಅಲ್ಲಿನ ಉಪಾಧ್ಯಾಯರು ಆಂಧ್ರದ ಮದನಪಲ್ಲಿಯ ಹತ್ತಿರದ ರಿಷಿವ್ಯಾಲಿಗೆ ಹೋಗಿ, ಆ ಸಂಸ್ಥೆಯವರು ಸುತ್ತಲ ಹಳ್ಳಿಗಳಲ್ಲಿ ನಡೆಸುತ್ತಿದ್ದ ಚಿಕ್ಕ ಶಾಲೆಗಳನ್ನು ನೋಡಿಬಂದರು. ಅಲ್ಲಿ ಕಂಡದ್ದನ್ನು ಹಾಗೆಯೇ ಎತ್ತಿ ತರದೆ, ನಮ್ಮ ಕಡೆಯ ಮಾತು, ಹಾಡು, ಒಗಟು, ಕಾಡು ಮೃಗಗಳನ್ನು ಸೇರಿಸಿ ಕನ್ನಡದಲ್ಲಿ ಕಾರ್ಡುಗಳನ್ನು ಮಾಡಿದರು. 2009-10ರಲ್ಲಿ ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳ ಒಂದು ಮತ್ತು ಎರಡನೆಯ ತರಗತಿಗಳಿಗೂ, ಅನಂತರ ಮೂರನೆಯದಕ್ಕೂ ಇದು ಹಬ್ಬಿತು.

ಆ ಕೊಠಡಿಯೊಳಗೆ ಒಮ್ಮೆ ಹೋಗಿ ನೋಡಿ. ಗೋಡೆಯ ಕೆಳಭಾಗದಲ್ಲಿ, ಮಗುವಿನ ಕೈಗೆಟುಕುವಷ್ಟು ಎತ್ತರಕ್ಕೆ ಕಪ್ಪುಹಲಗೆ, ಅದರಲ್ಲಿ ಪ್ರತಿ ಮಗುವಿಗೂ ಒಂದು ಪಾಲು. ತಲೆಯ ಮೇಲೆ ದಾರಗಳ ಚಪ್ಪರ, ಅದರಲ್ಲಿ ಮಕ್ಕಳು ಬರೆದ ಚಿತ್ರಗಳು ತೂಗಾಡುತ್ತವೆ. ಗೋಡೆಯ ಮೇಲೆ ಕಲಿಕೆಯ ಏಣಿ. ಏಣಿಯ ಒಂದೊಂದು ಮೆಟ್ಟಿಲಿಗೂ ಒಂದೊಂದು ಕಾರ್ಡು, ಕಾರ್ಡಿನ ಮೇಲೆ ಗುರುತಿಗೆ ಒಂದು ಚಿತ್ರ. ಮಗುವೇ ಏಣಿಯನ್ನು ನೋಡಿ, ತಾನು ಎಲ್ಲಿದ್ದೇನೆಂದು ತಿಳಿದು, ತನ್ನ ಕಾರ್ಡನ್ನು ತಾನೇ ತೆಗೆದುಕೊಂಡು ತನ್ನ ಗುಂಪಿಗೆ ಹೋಗಿ ಕುಳಿತುಕೊಳ್ಳುತ್ತದೆ. ಒಂದು ಗುಂಪಿಗೆ ಉಪಾಧ್ಯಾಯರೇ ಹೇಳಿಕೊಡುತ್ತಾರೆ. ಇನ್ನೊಂದರಲ್ಲಿ ಗೆಳೆಯರು ಹೇಳಿಕೊಡುತ್ತಾರೆ. ಮತ್ತೊಂದರಲ್ಲಿ ಮಗು ತಾನಾಗಿಯೇ ಮಾಡುತ್ತದೆ. ಹೀಗೆ ಐದು ಗುಂಪು. ಇದನ್ನು ಹೊರಗಿನಿಂದ ಕೇಳಿದವರಿಗೆ ಬರೀ ಗಲಾಟೆ ಎನ್ನಿಸುವುದು ಸಹಜ.

ಈ ಏಣಿಯೇ ನಮ್ಮಂಥ ರೈತರ ಮನೆಗಳಿಗೆ ಮುಖ್ಯವಾದದ್ದು. ಇನ್ನು ಸ್ವಲ್ಪ ದಿನಕ್ಕೆ ಹತ್ತಿ ಬಿಡಿಸುವ ಕೆಲಸ, ಅದರ ಹಿಂದೆಯೇ ರಾಗಿ ಕುಯ್ಲು. ಕೋಟೆ ತಾಲ್ಲೂಕಿನ ಹಾಡಿಗಳಿಂದ ಕಾಫಿ ಹಣ್ಣು ಬಿಡಿಸಲು ಕೊಡಗಿಗೆ ಸಂಸಾರ ಸಮೇತ ಹೋಗುವವರಿದ್ದಾರೆ. ಮಗು ಹದಿನೈದು ದಿನವೋ ಎರಡು ತಿಂಗಳೋ ಶಾಲೆ ತಪ್ಪಿಸುತ್ತದೆ. ಹಿಂದಿನ ಕ್ರಮದಲ್ಲಿ ತಿರುಗಿ ಬರುವ ಹೊತ್ತಿಗೆ ತರಗತಿ ನಾಲ್ಕು ಪಾಠ ಮುಂದಕ್ಕೆ ಹೋಗಿರುತ್ತಿತ್ತು. ಮಗು ಹಿಂದಿನ ಸಾಲಿನಲ್ಲಿ ಕುಳಿತು, ಅರ್ಥವಾಗದೆ, ಹೆದರಿ, ಮೆಲ್ಲಗೆ ಶಾಲೆಯನ್ನೇ ಬಿಟ್ಟುಬಿಡುತ್ತಿತ್ತು. ಏಣಿಯಲ್ಲಿ ಹಾಗಿಲ್ಲ. ಯಾವ ಮೆಟ್ಟಿಲಿನಲ್ಲಿ ಬಿಟ್ಟಿತ್ತೋ ಅಲ್ಲಿಂದಲೇ ಹಿಡಿಯಬಹುದು. ಪಾಂಡವರು ಬನ್ನಿಯ ಮರದಲ್ಲಿ ಆಯುಧಗಳನ್ನಿಟ್ಟು ಅಜ್ಞಾತವಾಸಕ್ಕೆ ಹೋಗಿ, ವರ್ಷ ತುಂಬಿದ ಮೇಲೆ ಇಟ್ಟ ಕಡೆಯೇ ಬಂದು ತೆಗೆದುಕೊಂಡರಲ್ಲವೇ? ಈ ಸ್ಥಳದಲ್ಲಿ ನಿಂತು ಹೇಳುವುದರಿಂದ ಆ ಕಥೆ ನೆನಪಾಯಿತು. 2020ರ ಮಾರ್ಚಿನಿಂದ 2021ರ ಅಕ್ಟೋಬರಿನವರೆಗೆ ಕೊರೋನಾ ಕಾರಣ ಚಿಕ್ಕ ತರಗತಿಗಳೇ ನಡೆಯಲಿಲ್ಲ. ಆಗ ಎಲ್ಲ ಮಕ್ಕಳದೂ ಅಜ್ಞಾತವಾಸವೇ ಆಯಿತು.

ನನ್ನ ಮನೆಯದೇ ಒಂದು ಮಾತು ಹೇಳಿಕೊಳ್ಳುತ್ತೇನೆ. ನಾನೂ ಕೋಟೆ ತಾಲ್ಲೂಕಿನವನು, ಈ ಕಾರ್ಡುಗಳನ್ನು ಹಿಡಿದೇ ಅಕ್ಷರ ಕಲಿತವನು. ನನಗಿಂತ ಹನ್ನೆರಡು ವರ್ಷ ದೊಡ್ಡವಳು ನನ್ನ ಅಕ್ಕ. ಅವಳು ಎರಡನೆಯ ತರಗತಿಯಲ್ಲಿದ್ದ ವರ್ಷ ಆಳು ಸಿಗಲಿಲ್ಲ. ಕುಯ್ಲು ಮುಗಿದು ಮೆದೆ ಒಟ್ಟುವವರೆಗೆ ಕೂಸನ್ನು ನೋಡಿಕೊಳ್ಳಲು ಅವಳನ್ನು ಮನೆಯಲ್ಲಿ ನಿಲ್ಲಿಸಿಕೊಂಡರು. ತಂದೆಯವರು ಕೆಟ್ಟವರಲ್ಲ. ಒಂದು ತಿಂಗಳಿಗೆಂದೇ ನಿಲ್ಲಿಸಿಕೊಂಡದ್ದು. ತಿರುಗಿ ಹೋದವಳು ಎರಡು ದಿನ ಕುಳಿತು ಅಳುತ್ತ ಬಂದಳು, ಮತ್ತೆ ಹೋಗಲಿಲ್ಲ. ನನಗೂ ಕುಯ್ಲಿನಲ್ಲಿ ಶಾಲೆ ತಪ್ಪಿದೆ. ತಿರುಗಿ ಹೋದಾಗ ನನ್ನ ಕಾರ್ಡು ತಟ್ಟೆಯಲ್ಲಿ ಇತ್ತು, ಅಷ್ಟೇ ವ್ಯತ್ಯಾಸ. ಅಕ್ಕ ಈ ಹೊತ್ತಿಗೂ ಸೊಸೈಟಿಯಲ್ಲಿ ಹೆಬ್ಬೆಟ್ಟು ಒತ್ತುತ್ತಾಳೆ. ನಮ್ಮ ಮನೆಯ ಹಾಲಿನ ಲೆಕ್ಕವನ್ನು ಬಾಯಲ್ಲೇ, ನನಗಿಂತ ಚೆನ್ನಾಗಿ ಹೇಳುತ್ತಾಳೆ.

ಏಣಿ ಇದೆಯಲ್ಲ ಎಂದು ಮಗುವನ್ನು ಧೈರ್ಯವಾಗಿ ಹೊಲಕ್ಕೆ ಕರೆದುಕೊಂಡು ಹೋಗಬಹುದೆಂದು ಯಾರೂ ತಿಳಿಯಬಾರದು. ಏಣಿ ಮೂರನೆಯ ತರಗತಿಗೆ ಮುಗಿಯುತ್ತದೆ. ನಾಲ್ಕನೆಯದರಿಂದ ಪುಸ್ತಕದ ಪಾಠ, ಎಲ್ಲರಿಗೂ ಒಟ್ಟಿಗೆ. ಅಲ್ಲಿ ಒಂದು ತಿಂಗಳು ತಪ್ಪಿದ ಮಗುವಿನ ಪಾಡು ನನ್ನ ಅಕ್ಕನ ಪಾಡೇ. ಇನ್ನೊಂದು ಮಾತನ್ನೂ ಮುಚ್ಚಿಡಬಾರದು. ಎಲ್ಲ ಕಡೆಯೂ ಇದು ಚೆನ್ನಾಗಿ ನಡೆಯುತ್ತಿದೆ ಎಂದು ನಾನು ಹೇಳಲಾರೆ. ಒಬ್ಬರೇ ಉಪಾಧ್ಯಾಯರಿದ್ದು, ಅವರಿಗೆ ಬಿಸಿಯೂಟದ ಲೆಕ್ಕ, ಹಾಲಿನ ಲೆಕ್ಕ, ಜನಗಣತಿ, ಚುನಾವಣೆ ಎಲ್ಲವೂ ಬಿದ್ದರೆ ಐದು ಗುಂಪು ಒಂದಾಗಿಬಿಡುತ್ತದೆ. ಹರಿದ ಕಾರ್ಡಿನ ಜಾಗಕ್ಕೆ ಹೊಸದು ಬರುವುದು ತಡ. ಮೊದಲು ತಾವೇ ಕತ್ತರಿಸಿ ಬಣ್ಣ ಹಚ್ಚಿ ಕಾರ್ಡು ಮಾಡಿದ ಉಪಾಧ್ಯಾಯರಿಗಿದ್ದ ಉತ್ಸಾಹ, ಅಚ್ಚಾಗಿ ಬಂದ ಕಾರ್ಡಿನಲ್ಲಿ ತಾನಾಗಿ ಬರುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಇಷ್ಟಿದ್ದರೂ ಮಕ್ಕಳು ಮಾಡಿ ತೋರಿಸಿದ್ದನ್ನು ಹೇಳದಿರಲು ಸಾಧ್ಯವಿಲ್ಲ. ನಲಿ-ಕಲಿ ಕೊಠಡಿಯಲ್ಲಿ ದಿನವೂ ಒಂದು ಮಗು ಹವಾಮಾನದ ಪಟ್ಟಿಯಲ್ಲಿ ಬಿಸಿಲು, ಮೋಡ, ಮಳೆ ಎಂದು ಗುರುತು ಹಾಕುತ್ತದೆ. ಮೊನ್ನೆ ಒಂದು ಊರಿನಲ್ಲಿ ಉತ್ತರೆ ಮಳೆ ಎಷ್ಟು ದಿನ ಬಂತು ಎಂದು ದೊಡ್ಡವರು ಜಗಲಿಯ ಮೇಲೆ ವಾದ ಮಾಡುತ್ತಿದ್ದರು. ನಾನು ನನ್ನ ದಿನಚರಿ ತೆಗೆಯುವಷ್ಟರಲ್ಲಿ ಒಬ್ಬ ಹುಡುಗಿ ಶಾಲೆಗೆ ಓಡಿಹೋಗಿ ಕೊಡೆಯ ಗುರುತುಗಳನ್ನು ಎಣಿಸಿಕೊಂಡು ಬಂದು ಹೇಳಿದಳು. ವಾದ ನಿಂತಿತು. ನನ್ನ ದಿನಚರಿಯಲ್ಲಿ ಒಂದು ದಿನ ಬಿಟ್ಟುಹೋಗಿತ್ತು.

ಬೀಜದ ಮಾತು ಈಗ ಬಂತು. ಮೂರನೆಯ ತರಗತಿಯ ಮಕ್ಕಳು ನೂರರವರೆಗೆ ಎಣಿಸುವುದನ್ನು ಬಲ್ಲರು. ನಾನು ಉಪಾಧ್ಯಾಯಿನಿಯವರ ಒಪ್ಪಿಗೆ ಪಡೆದು ಅವರಿಂದ ಅಲಸಂದೆ ಬೀಜದ ಮೊಳಕೆ ಪರೀಕ್ಷೆ ಮಾಡಿಸಿದೆ. ಮೂಟೆಯ ಮೇಲಿನಿಂದ, ನಡುವಿನಿಂದ, ತಳದಿಂದ ಬೀಜ ತೆಗೆದು, ಕಲಸಿ, ನೂರು ಕಾಳು ಎಣಿಸುವುದು. ಒದ್ದೆಯ ಗೋಣಿತಾಟಿನ ಮೇಲೆ ಹತ್ತು ಹತ್ತರ ಸಾಲಾಗಿ ಜೋಡಿಸಿ, ಸುರುಳಿ ಸುತ್ತಿ ನೆರಳಿನಲ್ಲಿಟ್ಟು, ಆರದಂತೆ ನೀರು ಚಿಮುಕಿಸುವುದು. ವಾರ ಕಳೆದ ಮೇಲೆ ಬಿಚ್ಚಿ, ಚೆನ್ನಾಗಿ ಮೊಳೆತದ್ದನ್ನು ಎಣಿಸುವುದು. ಮೊದಲ ಸಲ ಕೆಟ್ಟಿತು. ಒಬ್ಬ ಹುಡುಗ ಒಳ್ಳೆಯ ದಪ್ಪ ಕಾಳುಗಳನ್ನೇ ಆರಿಸಿ ಇಟ್ಟಿದ್ದ, ಎಲ್ಲವೂ ಮೊಳೆತವು. "ನಮ್ಮಪ್ಪ ನೋಡ್ತಾರೆ ಸಾರ್, ಅದ್ಕೆ" ಎಂದ. ಎರಡನೆಯ ಸಲ ಆರಿಸದೆ ಎಣಿಸಿದರು. ಅವನ ಮನೆಯ ಬೀಜದಲ್ಲಿ ಮೂರರಲ್ಲೊಂದು ಪಾಲು ಮೊಳೆಯಲಿಲ್ಲ.

ಪ್ರಮಾಣಿತ ಬೀಜವಾದರೆ ಅಲಸಂದೆಗೂ ರಾಗಿಗೂ ನೂರಕ್ಕೆ 75, ಭತ್ತಕ್ಕೆ 80 ಕಡಿಮೆಯಿಲ್ಲದಂತೆ ಮೊಳೆಯಬೇಕು. ಅದಕ್ಕಿಂತ ಕೆಳಗಿದ್ದರೆ ಬೀಜ ಬದಲಾಯಿಸಬೇಕು, ಬೇರೆ ಸಿಗದಿದ್ದರೆ ಬಿತ್ತನೆಯ ಪ್ರಮಾಣವನ್ನಾದರೂ ಹೆಚ್ಚಿಸಬೇಕು. ಆ ಹುಡುಗನ ತಂದೆ ಬೀಜ ಬದಲಾಯಿಸಿದರು. ಮೂರು ವರ್ಷದಿಂದ ನಾನು ಇದೇ ಮಾತನ್ನು ಹೇಳುತ್ತಿದ್ದೆ, ಕೇಳಿರಲಿಲ್ಲ. ಮಗ ಎಣಿಸಿ ತೋರಿಸಿದ ಮೇಲೆ ಕೇಳಿದರು. ನನಗೆ ಸ್ವಲ್ಪ ನಾಚಿಕೆಯೂ ಆಯಿತು, ಸಂತೋಷವೂ ಆಯಿತು.

ತಮ್ಮಲ್ಲಿ ನನ್ನ ಅರಿಕೆ ಇಷ್ಟು. ಕುಯ್ಲಿಗೆ ಮೊದಲೇ ಮುಯ್ಯಾಳಿನ ಏರ್ಪಾಡು ಮಾಡಿಕೊಂಡು ಮಕ್ಕಳನ್ನು ಬಿಟ್ಟುಬಿಡಿ. ನಾಲ್ಕನೆಯ ತರಗತಿಯಿಂದ ಮೇಲಿನವರನ್ನಂತೂ ಒಂದು ದಿನವೂ ನಿಲ್ಲಿಸಬೇಡಿ. ಸಂಸಾರ ಸಮೇತ ಹೊರಗೆ ಹೋಗಲೇಬೇಕಾದವರು ಹೋಗುವ ಮುಂಚೆ ಉಪಾಧ್ಯಾಯರಿಗೆ ತಿಳಿಸಿ, ತಿರುಗಿ ಬಂದ ಮಾರನೆಯ ದಿನವೇ ಮಗುವನ್ನು ಕೈಹಿಡಿದು ಕರೆತಂದು ಬಿಡಿ. ಸೋಮವಾರ ನೋಡೋಣ, ಹಬ್ಬ ಕಳೆಯಲಿ ಎನ್ನಬೇಡಿ. ಹಿಂಗಾರಿಗೆ ಬಿತ್ತುವವರು ಯಾರಾದರೂ ಬೀಜ ಪರೀಕ್ಷೆ ಮಾಡಿಸಬೇಕೆಂದಿದ್ದರೆ, ಮೂಟೆಯ ಮೂರು ಕಡೆಯಿಂದ ತೆಗೆದ ಒಂದು ಹಿಡಿ ಬೀಜವನ್ನು ಮಗುವಿನ ಚೀಲದಲ್ಲಿ ಶಾಲೆಗೆ ಕಳಿಸಿ. ದಪ್ಪ ಕಾಳು ಆರಿಸಬೇಡಿ.