ಲೆಕ್ಕ ಒಂದೇ, ನೆರವು ಬೇರೆ ಬೇರೆ



2024ರ ಎಸ್ಸೆಸ್ಸೆಲ್ಸಿಯಲ್ಲಿ ನಮ್ಮ ಉಡುಪಿ ಜಿಲ್ಲೆ ಶೇಕಡಾ 94ರ ಫಲಿತಾಂಶದೊಂದಿಗೆ ರಾಜ್ಯಕ್ಕೇ ಮೊದಲು ಬಂತು. ಹೆಮ್ಮೆಪಡೋಣ. ಆದರೆ ನೂರರಲ್ಲಿ ಉಳಿದ ಆರು ಮಕ್ಕಳ ಬಗ್ಗೆಯೇ ಇವತ್ತು ನನ್ನ ಮಾತು.

ಹಿಂದುಳಿದ ಮಗುವಿಗೆ ಸುಲಭದ ಲೆಕ್ಕ ಕೊಟ್ಟು ಸುಮ್ಮನಾಗುವುದು ನಮ್ಮ ರೂಢಿ. ಅದು ಕರುಣೆಯಂತೆ ಕಾಣುತ್ತದೆ. ಆದರೆ ಆ ಮಗು ಕಠಿಣ ಲೆಕ್ಕವನ್ನು ಎದುರಿಸುವುದೇ ಇಲ್ಲ. ಪರೀಕ್ಷೆಯ ದಿನ ಮಾತ್ರ ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ.

ಕಾಪುವಿನ ಒಂದು ತರಗತಿಯನ್ನು ಊಹಿಸಿಕೊಳ್ಳಿ. ಶಾಲೆಯ ಅಂಗಳದ ತೆಂಗಿನಮರದ ಎತ್ತರವನ್ನು ಮರ ಹತ್ತದೆ ಕಂಡುಹಿಡಿಯಬೇಕು. ಒಂದು ಮೀಟರ್ ಕೋಲಿನ ನೆರಳು ಅರ್ಧ ಮೀಟರ್, ಅದೇ ಹೊತ್ತಿಗೆ ಮರದ ನೆರಳು ಆರು ಮೀಟರ್. ಹಾಗಾದರೆ ಮರ ಹನ್ನೆರಡು ಮೀಟರ್. ಒಬ್ಬಳಿಗೆ ಕೋಲು ಕೊಟ್ಟರೆ ಸಾಕು. ಇನ್ನೊಬ್ಬನಿಗೆ ಅಳತೆ ತುಂಬಲು ಕೋಷ್ಟಕ ಬೇಕು. ಮನೆಯಲ್ಲಿ ತುಳುವೋ ಬ್ಯಾರಿಯೋ ಕೊಂಕಣಿಯೋ ಆಡುವ ಮಗುವಿಗೆ ಪಠ್ಯದ ಕನ್ನಡವೇ ತೊಡಕಾಗಿರಬಹುದು. ಗೆಳೆಯರೊಂದಿಗೆ ಮನೆಮಾತಿನಲ್ಲೇ ಚರ್ಚಿಸಲಿ, ಆಮೇಲೆ ಕನ್ನಡದಲ್ಲಿ ಬರೆಯಲಿ. ಮಣಿಪಾಲದ ತರಗತಿಯಲ್ಲಿ ಬೇರೆ ರಾಜ್ಯದ ಮಗುವಿಗೆ ಚಿತ್ರ ಬಿಡಿಸಿ ತೋರಿಸಬೇಕಾದೀತು. ಮರದ ಎತ್ತರ ಹೇಳುವ ಹೊಣೆ ಮಾತ್ರ ಎಲ್ಲರದೂ.

1976ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ವುಡ್, ಬ್ರೂನರ್ ಮತ್ತು ರಾಸ್ ಎಂಬ ಸಂಶೋಧಕರು ಇಂಥ ನೆರವನ್ನೇ ಪರಿಶೀಲಿಸಲು ಮೂರರಿಂದ ಐದು ವರ್ಷದ ಮಕ್ಕಳಿಂದ ಮರದ ತುಂಡುಗಳ ಪಿರಮಿಡ್ ಕಟ್ಟಿಸಿದರು. ಎಲ್ಲ ವಯಸ್ಸಿನವರಿಗೂ ಕೆಲಸ ಒಂದೇ. ಮಗು ತಾನೇ ಮಾಡಬಲ್ಲದ್ದನ್ನು ಅದಕ್ಕೇ ಬಿಟ್ಟು, ಅದು ಎಡವಿದಲ್ಲಿ ಮಾತ್ರ ಶಿಕ್ಷಕಿ ಕೈಹಾಕುತ್ತಿದ್ದರು.

ನಮ್ಮ ರಾಜ್ಯಕ್ಕೂ ಈ ಬಗೆಯ ನೆರವು ಹೊಸತಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ, ಒಂದರಿಂದ ಮೂರನೇ ತರಗತಿಯ ಮಕ್ಕಳಿಗಾಗಿನ ನಲಿ-ಕಲಿ ಪದ್ಧತಿಯಲ್ಲಿ ಶಿಕ್ಷಕರ ಪೂರ್ಣ ಬೆಂಬಲದ ಗುಂಪು, ಭಾಗಶಃ ಬೆಂಬಲದ ಗುಂಪು, ಸಹಪಾಠಿಗಳ ಬೆಂಬಲದ ಗುಂಪು, ಕೊನೆಗೆ ಸ್ವಕಲಿಕೆಯ ಗುಂಪು ಇವೆ. ಮಗು ಬೆಂಬಲ ಕಳಚಿಕೊಳ್ಳುತ್ತಾ ಮುಂದೆ ಸಾಗಬೇಕೆಂಬುದೇ ಅಲ್ಲಿನ ಆಶಯ. ಮೂರನೇ ತರಗತಿ ದಾಟಿದ ಮೇಲೂ ಆ ಆಶಯ ನಮ್ಮ ಶಾಲೆಗಳಲ್ಲಿ ಉಳಿಯಬೇಕು.

ಒಂದು ಎಚ್ಚರ: ಕೊಟ್ಟ ನೆರವನ್ನು ಹಿಂದೆಗೆಯಲೂಬೇಕು. ಇವತ್ತು ಕೋಷ್ಟಕ ಬರೆದುಕೊಟ್ಟರೆ, ಮುಂದಿನ ವಾರ ಅದರ ಗೆರೆಗಳನ್ನು ಮಗುವೇ ಎಳೆಯಲಿ; ಆಮೇಲೆ ಕೋಷ್ಟಕ ಬೇಕೋ ಬೇಡವೋ ಎಂದು ಅದೇ ತೀರ್ಮಾನಿಸಲಿ.

ಕಾರ್ಕಳದಿಂದ ಕಾಪುವಿನವರೆಗಿನ ಶಿಕ್ಷಕರಲ್ಲಿ ನನ್ನ ವಿನಂತಿ ಇಷ್ಟೇ. ನಾಳೆ ಒಂದು ಪಾಠಕ್ಕಾದರೂ, ಯಾವ ಮಗು ಎಲ್ಲಿ ನಿಲ್ಲುತ್ತದೆ ಎಂದು ಮೊದಲೇ ಯೋಚಿಸಿ, ಅಲ್ಲಿಗೆ ಬೇಕಾದ ನೆರವನ್ನು ಸಿದ್ಧಪಡಿಸಿಕೊಂಡು ತರಗತಿಗೆ ಹೋಗಿ. ಲೆಕ್ಕವನ್ನು ಮಾತ್ರ ಯಾರಿಗೂ ಕಡಿಮೆ ಮಾಡಬೇಡಿ.